ಮನಸ್ಸಿನಿಂದ ಮಾರುಕಟ್ಟೆಯವರೆಗೆ

ನಮ್ಮ ಸಂಘದ ಯಾವ ಕಾರ್ಯಕ್ರಮಕ್ಕೇ ಹೋಗಿ, ಊಟದ ಪಂಕ್ತಿಯಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಯಾರೋ ಮನೆಯಿಂದ ಮಾಡಿ ತಂದ ಚಟ್ನಿಪುಡಿಯನ್ನೋ, ಶೇಂಗಾ ಹೋಳಿಗೆಯನ್ನೋ ಬಾಯಿಗೆ ಹಾಕಿಕೊಂಡ ಇನ್ಯಾರೋ "ಇದನ್ನ ನೀವು ಮಾರಲಿಕ್ಕೆ ಇಟ್ಟರೆ ಎಷ್ಟು ಚೆನ್ನಾಗಿ ಹೋಗುತ್ತದೆ ಗೊತ್ತೇ?" ಎನ್ನುತ್ತಾರೆ. ಮಾಡಿದವರು ನಾಚಿಕೊಂಡು ನಗುತ್ತಾರೆ. ಕೈ ತೊಳೆಯುವ ಹೊತ್ತಿಗೆ ಇಬ್ಬರೂ ಆ ಮಾತನ್ನು ಮರೆತಿರುತ್ತಾರೆ. ಓದುಗರೇ, ನಿಮಗೂ ಯಾರಾದರೂ ಹೀಗೆ ಹೇಳಿರಬಹುದು, ನೀವೂ ಯಾರಿಗಾದರೂ ಹೇಳಿರಬಹುದು.

ಅಂದರೆ ನಮ್ಮಲ್ಲಿ ಯೋಚನೆಗಳಿಗೆ ಬರವಿಲ್ಲ. ಹಾಗಾದರೆ ನೂರು ಜನರಿಗೆ ಬಂದ ಯೋಚನೆ ಒಬ್ಬರ ಕೈಯಲ್ಲಿ ಮಾತ್ರ ಅಂಗಡಿಯಾಗುವುದು ಹೇಗೆ? ನಾನು ವ್ಯಾಪಾರ ಮಾಡಿದವಳಲ್ಲ. ಧಾರವಾಡದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿ, ಮದುವೆಯಾಗಿ ಡೊಂಬಿವಲಿಗೆ ಬಂದು, ಅಡಿಗೆಮನೆಯಲ್ಲೇ ಮೂರು ದಶಕ ಕಳೆದವಳು. ಆದರೆ ಕಳೆದ ಕೆಲವು ವರ್ಷ ಒಂದು ಚಿಕ್ಕ ವ್ಯಾಪಾರ ಹುಟ್ಟಿ ಬೆಳೆಯುವುದನ್ನು ಹತ್ತಿರದಿಂದ, ಅಂದರೆ ಅದರ ಲೆಕ್ಕದ ಪುಸ್ತಕ ಬರೆಯುತ್ತ, ನೋಡಿದ್ದೇನೆ. ಆ ಅನುಭವವನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಮಗೆಲ್ಲ ಗೊತ್ತಿರುವ ಒಂದು ದೊಡ್ಡ ಹೆಸರು ನೋಡೋಣ. ಮುಂಬಯಿಯಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ತಿನ್ನದ ಕನ್ನಡಿಗರು ಕಡಿಮೆ. ಅದನ್ನು ಕಟ್ಟಿದ ರಘುನಂದನ ಕಾಮತರು ಮೂಲ್ಕಿ ಕಡೆಯವರು, ಹಣ್ಣಿನ ವ್ಯಾಪಾರಿಯ ಮಗ. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಅವರ ಬಗ್ಗೆ ಬರೆದವು. 1984ರಲ್ಲಿ ಜುಹೂದಲ್ಲಿ ಅವರು ತೆರೆದ ಪುಟ್ಟ ಅಂಗಡಿಯಲ್ಲಿ ಐಸ್‌ಕ್ರೀಮಿನ ಜೊತೆಗೆ ಪಾವ್‌ಭಾಜಿಯನ್ನೂ ಮಾರುತ್ತಿದ್ದರು. ಬರೀ ಐಸ್‌ಕ್ರೀಮಿಗೆಂದು ಜನ ಬರುತ್ತಾರೋ ಇಲ್ಲವೋ ಎಂಬ ಅನುಮಾನ. ಖಾರವಾದ ಪಾವ್‌ಭಾಜಿ ತಿಂದವರಿಗೆ ತಣ್ಣನೆಯದು ಬೇಕೆನಿಸುವುದು ಸಹಜ ತಾನೇ? ಹೀಗೆ ಐಸ್‌ಕ್ರೀಮಿನ ರುಚಿ ಹತ್ತಿದ ಮೇಲೆ ಪಾವ್‌ಭಾಜಿಯನ್ನು ನಿಲ್ಲಿಸಿದರು.

ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಎರಡು ಸಂಗತಿ. ಮೊದಲನೆಯದು, ಅವರ ಯೋಚನೆ ಆಕಾಶದಿಂದ ಉದುರಲಿಲ್ಲ. ಯಾವ ಹಣ್ಣು ಯಾವಾಗ ಮಾಗಿದೆ ಎಂದು ಗುರುತಿಸುವ ವಿದ್ಯೆ ಅಪ್ಪನ ಬುಟ್ಟಿಯ ಪಕ್ಕದಲ್ಲೇ ಅವರಿಗೆ ಸಿಕ್ಕಿತ್ತು. ಎರಡನೆಯದು, ತಮ್ಮ ಯೋಚನೆಯ ಮೇಲೆ ಎಷ್ಟೇ ನಂಬಿಕೆ ಇದ್ದರೂ ಅದು ತನ್ನ ಕಾಲ ಮೇಲೆ ನಿಲ್ಲುವ ತನಕ ಊರುಗೋಲು ಕೊಟ್ಟರು. ಕೈಯಲ್ಲಿರುವ ವಿದ್ಯೆಯಿಂದ ಶುರುಮಾಡುವುದು, ಮನೆಗೆ ಪೆಟ್ಟಾಗದಷ್ಟು ಸಣ್ಣದಾಗಿ ಶುರುಮಾಡುವುದು: ಇವೆರಡನ್ನೂ ನನ್ನ ಗೆಳತಿಯಲ್ಲಿಯೂ ಕಂಡೆ.

ಈಕೆ ನಮ್ಮ ಕಟ್ಟಡದ ಮೂರನೇ ಮಹಡಿಯವಳು, ಗದಗಿನ ಕಡೆಯವಳು. ಹೆಸರು ಬರೆಯಬೇಡಿ ಎಂದಿದ್ದಾಳೆ, ಬರೆಯುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಆಕೆಯ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು. ಮನೆಯ ಸಾಲದ ಕಂತು ಮಾತ್ರ ಬಾಗಿಲು ಹಾಕಲಿಲ್ಲ. ಮಗಳು ಹತ್ತನೆಯ ತರಗತಿ. 2021ರ ಆರಂಭದಲ್ಲಿ ಒಂದು ಮಧ್ಯಾಹ್ನ ಆಕೆ ನಮ್ಮ ಮನೆಗೆ ಬಂದು, "ವೈನೀ, ನನಗ ಬರೋದು ಅಡಿಗಿ ಒಂದ. ಶೇಂಗಾ ಚಟ್ನಿ ಮಾಡಿ ಮಾರಬೇಕು ಅಂತ ಮಾಡೇನಿ. ನೀವು ಓದಿದವ್ರು, ಲೆಕ್ಕ ಹಾಕಿ ಕೊಡ್ರಿ" ಎಂದಳು. ಷೇಕ್ಸ್‌ಪಿಯರ್ ಓದಿದವಳಿಗೆ ಶೇಂಗಾದ ಲೆಕ್ಕ! ಆದರೂ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಕೂತೆ.

ಆಕೆ ಮೊದಲ ಸಲ ಮಾಡಿದ್ದು 2 ಕಿಲೋ ಶೇಂಗಾದ್ದು. ಆಗಿನ ದರದಲ್ಲಿ ಶೇಂಗಾಕ್ಕೆ 300 ರೂಪಾಯಿ, ಬೆಳ್ಳುಳ್ಳಿಗೆ 40, ಖಾರದಪುಡಿಗೆ 80, ಜೀರಿಗೆ ಉಪ್ಪು ಇತ್ಯಾದಿಗೆ 30, ಗ್ಯಾಸ್ ಮತ್ತು ಮಿಕ್ಸರಿನ ವಿದ್ಯುತ್ತಿಗೆ 30. ಹುರಿದು, ಸಿಪ್ಪೆ ತೆಗೆದು, ಕುಟ್ಟಿದ ಮೇಲೆ 200 ಗ್ರಾಮಿನ 11 ಪಾಕೀಟುಗಳಾದವು. ಚೀಲ ಮತ್ತು ಚೀಟಿಗೆ 44. ಒಟ್ಟು 524 ರೂಪಾಯಿ. ಪಾಕೀಟಿಗೆ ಹತ್ತಿರ ಹತ್ತಿರ 48 ಬಿತ್ತು.

"ಐವತ್ತೈದಕ್ಕ ಕೊಡ್ತೀನ್ರಿ ವೈನಿ. ಏಳು ರೂಪಾಯಿ ಉಳದ್ರ ಸಾಕು."

"ಮತ್ತ ನಿನ್ನ ಕೂಲಿ?" ಎಂದೆ.

"ಮನ್ಯಾಗಿನ ಕೆಲಸಕ್ಕ ಎಂಥಾ ಕೂಲೀರಿ!"

ಓದುಗರೇ, ಸ್ವಲ್ಪ ಇಲ್ಲಿ ನಿಲ್ಲಿ. ನಮ್ಮ ಹೆಣ್ಣುಮಕ್ಕಳ ಎಷ್ಟೋ ಯೋಚನೆಗಳು ಮುಗ್ಗರಿಸುವುದು ಬಂಡವಾಳ ಸಿಗದೆ ಅಲ್ಲ, ಈ ಒಂದು ಮಾತಿನ ಹೊಸ್ತಿಲಲ್ಲಿ. ಶೇಂಗಾಕ್ಕೆ ಬೆಲೆಯುಂಟು, ಗ್ಯಾಸಿಗೆ ಬೆಲೆಯುಂಟು, ಪ್ಲಾಸ್ಟಿಕ್ ಚೀಲಕ್ಕೂ ಬೆಲೆಯುಂಟು, ಐದು ತಾಸು ನಿಂತು ಹುರಿದವಳ ಕಾಲಿಗೆ ಮಾತ್ರ ಬೆಲೆಯಿಲ್ಲ. ನಾನು ಲೆಕ್ಕ ಹಾಕಿ ತೋರಿಸಿದೆ. 11 ಪಾಕೀಟಿಗೆ 7 ರೂಪಾಯಿಯಂತೆ ಉಳಿಯುವುದು 77 ರೂಪಾಯಿ. ಕೆಲಸ ಐದು ತಾಸಿನದು. ತಾಸಿಗೆ 15 ರೂಪಾಯಿ ಚಿಲ್ಲರೆ! ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುವ ಬಾಯಿಗೂ ಇದಕ್ಕಿಂತ ಎಷ್ಟೋ ಹೆಚ್ಚು ಬೀಳುತ್ತದೆ, ಬೀಳಬೇಕಾದದ್ದೇ.

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಇಬ್ಬರೂ ಕೂಡಿ ತಾಸಿಗೆ 60 ರೂಪಾಯಿ ಕೂಲಿ ಹಿಡಿದೆವು. ಪಾಕೀಟಿಗೆ 27 ರೂಪಾಯಿ ಕೂಡಿ ಅಸಲು 75 ಆಯಿತು. ಬೆಲೆ 90 ಎಂದು ಗೊತ್ತುಮಾಡಿದೆವು. ಅಂಗಡಿಯವನಿಗೆ 13 ರೂಪಾಯಿ ಬಿಟ್ಟರೆ ಉಳಿಯುವುದು 2, ನೇರವಾಗಿ ಗಿರಾಕಿಗೆ ಕೊಟ್ಟರೆ 15. ಅಡಿಗೆಮನೆಯ ಕಪಾಟಿನಲ್ಲಿ ಎರಡು ಡಬ್ಬಿಗಳಾದವು. ಒಂದು ಆಕೆಯ ಕೂಲಿಯದು, ಇನ್ನೊಂದು ವ್ಯಾಪಾರದ್ದು. ಮನೆಗೆ ಎಣ್ಣೆ ತೀರಿದರೂ ಎರಡನೆಯ ಡಬ್ಬಿಗೆ ಕೈ ಹಾಕುವಂತಿಲ್ಲ ಎಂಬುದು ಕರಾರು. ಕಾಲೇಜಿನಲ್ಲಿ ನಮ್ಮ ಪ್ರಾಧ್ಯಾಪಕರು ಎಕಾನಮಿ ಎಂಬ ಶಬ್ದದ ಮೂಲ ಗ್ರೀಕಿನಲ್ಲಿದೆ, ಅದರ ಅರ್ಥ ಮನೆವಾರ್ತೆ ನಡೆಸುವುದು ಎಂದು ಹೇಳಿದ್ದರು. ಆ ಶಬ್ದದ ನಿಜವಾದ ಅರ್ಥ ನನಗೆ ಆದದ್ದು ಆ ಎರಡು ಡಬ್ಬಿಗಳನ್ನು ನೋಡಿದಾಗ.

ಇನ್ನು ಗಿರಾಕಿಗಳ ವಿಚಾರ. ನಮ್ಮವರಿಗೆ ಮೊದಲು ಕೊಡೋಣ ಎಂದು ಆಕೆಯ ಮನಸ್ಸಿನಲ್ಲಿತ್ತು. ನಮ್ಮವರು ಹೊಗಳುತ್ತಾರೆ, ಆದರೆ ಹೊಗಳಿಕೆ ಬೇರೆ, ಹಣ ಬೇರೆ. ಒಂದು ವಸ್ತು ನಡೆಯುತ್ತದೋ ಇಲ್ಲವೋ ತಿಳಿಯಬೇಕಾದರೆ ಮುಖಪರಿಚಯವಿಲ್ಲದವರು ಕಿಸೆಯಿಂದ ದುಡ್ಡು ತೆಗೆಯಬೇಕು. ಅದಕ್ಕಿಂತ ಮುಖ್ಯವಾಗಿ, ಎರಡನೆಯ ಸಲ ತೆಗೆಯಬೇಕು. ಸ್ಟೇಷನ್ ರಸ್ತೆಯ ಒಂದು ಕಿರಾಣಿ ಅಂಗಡಿಯಲ್ಲಿ ಮೊದಲ ಹತ್ತು ಪಾಕೀಟು ಇಟ್ಟೆವು. ಚೀಟಿಯ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಹೆಸರು. ಸೋಲಾಪುರದ ಶೇಂಗಾ ಚಟ್ನಿ ಇಲ್ಲಿ ಮನೆಮಾತಾಗಿರುವುದರಿಂದ ಮರಾಠಿ ಗಿರಾಕಿಗಳಿಗೆ ಇದೇನೆಂದು ತಿಳಿಸುವ ಶ್ರಮ ಬೀಳಲಿಲ್ಲ. ನಾವು ಎಣಿಸದಿದ್ದ ಗಿರಾಕಿಗಳೂ ಸಿಕ್ಕರು: ಕೋಣೆ ಹಿಡಿದು ಇರುವ ಹುಡುಗರು, ಮಕ್ಕಳನ್ನು ಹಾಸ್ಟೆಲ್ಲಿಗೆ ಕಳಿಸುವ ತಾಯಂದಿರು. ಅಡಿಗೆ ಮಾಡಲು ಸಮಯವಿದ್ದ ಗೃಹಿಣಿಯರಿಗಿಂತ ಇವರೇ ಹೆಚ್ಚು ಕೊಂಡರು. ಇದು ಮನೆಯಲ್ಲಿ ಕೂತು ಎಷ್ಟು ಯೋಚಿಸಿದರೂ ತಿಳಿಯುವಂಥದ್ದಲ್ಲ.

ಅಂಗಡಿಯವರ ಉದ್ರಿಯದು ಬೇರೊಂದು ಪಾಠ. ಇನ್ನೊಂದು ಅಂಗಡಿಯಾತ 40 ಪಾಕೀಟು ತೆಗೆದುಕೊಂಡು, ಮಾರಿದ ಮೇಲೆ ಹಣ ಕೊಡುತ್ತೇನೆಂದು ಎರಡು ತಿಂಗಳು ತಿರುಗಿಸಿದ. ಕೊನೆಗೆ 12 ಪಾಕೀಟು ಇಲಿ ಕಡಿದವು ಎಂದು ಹಿಂದಿರುಗಿಸಿದ. ದೊಡ್ಡ ಕಂಪನಿ ಇಂಥ ನಷ್ಟವನ್ನು ನುಂಗಿಕೊಳ್ಳುತ್ತದೆ. ಇಲ್ಲಿ ಹೋದದ್ದು ಮಗಳ ಟ್ಯೂಶನ್ನಿನ ಹಣ. ಅಂದಿನಿಂದ ನಿಯಮವೊಂದು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಬಂತು: ಯಾವ ಅಂಗಡಿಗೂ ಒಮ್ಮೆಗೆ ಹತ್ತಕ್ಕಿಂತ ಹೆಚ್ಚಿಲ್ಲ, ಹಿಂದಿನ ಹತ್ತರ ಹಣ ಬಂದ ಮೇಲೆಯೇ ಮುಂದಿನ ಹತ್ತು.

ಮಳೆಗಾಲ ಬಂತು. ಮುಂಬಯಿಯ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗದ, ಉಪ್ಪು ನೀರಾಗದ ಮನೆ ಯಾವುದಿದೆ? ಪುಡಿ ಗಂಟುಗಟ್ಟಿತು, ಶೇಂಗಾದ ಎಣ್ಣೆಗೆ ಕಮಟು ವಾಸನೆ ಹತ್ತಿತು. ಒಂದು ಇಡೀ ಸಲದ ಮಾಲನ್ನು ಆಕೆ ಕಣ್ಣೀರು ಹಾಕುತ್ತ ಚೆಲ್ಲಿದಳು. ಆಗ ನಾನು ಲಿಜ್ಜತ್ ಹಪ್ಪಳದ ಕಥೆ ಹೇಳಿದೆ.

1959ರ ಮಾರ್ಚ್ 15ರಂದು ಗಿರಗಾಂವಿನ ಒಂದು ಕಟ್ಟಡದ ಗಚ್ಚಿಯ ಮೇಲೆ ಏಳು ಜನ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ಆದದ್ದು 4 ಪಾಕೀಟು. ಮೊದಲ ವರ್ಷದಲ್ಲೇ ಮಳೆಯಿಂದಾಗಿ ನಾಲ್ಕು ತಿಂಗಳು ಕೆಲಸ ನಿಲ್ಲಿಸಬೇಕಾಯಿತು, ಏಕೆಂದರೆ ಬಿಸಿಲಿಲ್ಲದೆ ಹಪ್ಪಳ ಒಣಗುವುದೆಲ್ಲಿ? ಮರುವರ್ಷ ಅವರು ಒಂದು ಮಂಚ, ಒಂದು ಸ್ಟೋವ್ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೋವ್! ಇಷ್ಟೇ ಉಪಾಯ. ಆದರೆ ಆ ಮಂಚ ಇರದಿದ್ದರೆ ಇಂದು 40,000ಕ್ಕೂ ಹೆಚ್ಚು ಹೆಂಗಸರಿಗೆ ಕೆಲಸ ಕೊಟ್ಟ ಆ ಸಂಸ್ಥೆ ವರ್ಷಕ್ಕೆ ನಾಲ್ಕು ತಿಂಗಳು ಮಲಗುತ್ತಿತ್ತು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಮೊದಮೊದಲು ಅವರು ಕಡಿಮೆ ಬೆಲೆಗೆಂದು ಎರಡನೆಯ ದರ್ಜೆಯ ಹಪ್ಪಳವನ್ನೂ ಮಾಡುತ್ತಿದ್ದರು. ಅವರಿಗೆ ಮಾರ್ಗದರ್ಶನ ಮಾಡುತ್ತಿದ್ದ ಛಗನಲಾಲ್ ಪಾರೇಖ್ ಎಂಬ ಹಿರಿಯರು ಅದು ಬೇಡ, ಒಂದೇ ಗುಣ, ಒಳ್ಳೆಯ ಗುಣ ಎಂದು ಪಟ್ಟುಹಿಡಿದರು. ಸಾಲವನ್ನೂ ಅವರೇ ಕೊಟ್ಟಿದ್ದು.

ನಮ್ಮ ಗೆಳತಿಗೆ ಮಂಚ ಬೇಕಾಗಲಿಲ್ಲ. ಹಸಿ ಬೆಳ್ಳುಳ್ಳಿಯ ನೀರಂಶವೇ ಕೇಡಿಗೆ ಮೂಲವೆಂದು ಕಂಡುಕೊಂಡು, ಬೆಳ್ಳುಳ್ಳಿಯನ್ನೂ ಸಣ್ಣ ಉರಿಯಲ್ಲಿ ಗರಿಗರಿಯಾಗಿ ಹುರಿಯತೊಡಗಿದಳು. ಹುರಿದ ಶೇಂಗಾ ಪೂರ್ತಿ ಆರಿದ ಮೇಲೆಯೇ ಕುಟ್ಟುವುದು, ಮಳೆಗಾಲದಲ್ಲಿ ದೊಡ್ಡ ರಾಶಿ ಮಾಡದೆ ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪವೇ ಮಾಡುವುದು, ಮಾಡಿದ ತಾರೀಕು ಪಾಕೀಟಿನ ಮೇಲೆ ಬರೆಯುವುದು, ನಾಲ್ಕು ವಾರ ದಾಟಿದ್ದನ್ನು ಅಂಗಡಿಯಿಂದ ತಾನೇ ಹಿಂದಕ್ಕೆ ತರುವುದು. ಕೇಳಲು ಎಷ್ಟು ಸಾದಾ ಸಂಗತಿಗಳು! ಆದರೆ ಯೋಚನೆ ನಿಜವಾಗುವುದು ಇಂಥ ಸಾದಾ ಸಂಗತಿಗಳನ್ನು ಪ್ರತಿ ಸಲವೂ ತಪ್ಪದೆ ಮಾಡುವುದರಲ್ಲಿ. ಇಂದಿನ ರುಚಿ ಮುಂದಿನ ತಿಂಗಳೂ ಇರಬೇಕು. ಮನೆಯಲ್ಲಿ ಕಣ್ಣಂದಾಜಿನಲ್ಲಿ ಉಪ್ಪು ಹಾಕುವ ನಮಗೆ ತಕ್ಕಡಿ ಹಿಡಿಯುವುದೇ ದೊಡ್ಡ ತಪಸ್ಸು.

ಕಾಗದಪತ್ರಗಳ ಬಗ್ಗೆ ನಮ್ಮ ಹೆಂಗಸರಿಗೆ ವಿನಾಕಾರಣ ಭಯ. ತಿನ್ನುವ ವಸ್ತು ಮಾರುವವರು, ಮನೆಯಲ್ಲೇ ಮಾಡುವವರಾದರೂ, ಆಹಾರ ಸುರಕ್ಷತೆ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳಬೇಕು. ಅಲ್ಲಿಂದ ಸಿಗುವ 14 ಅಂಕಿಗಳ ಸಂಖ್ಯೆಯನ್ನು ಪಾಕೀಟಿನ ಮೇಲೆ ಹಾಕಬೇಕು, ಸಸ್ಯಾಹಾರದ ಹಸಿರು ಚುಕ್ಕೆಯನ್ನೂ ಹಾಕಬೇಕು. ಸಣ್ಣ ಉದ್ಯಮವೆಂದು ದಾಖಲಾಗಲು 2020ರಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಸರಕಾರಕ್ಕೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಇವೆರಡನ್ನೂ ನಮ್ಮ ಗೆಳತಿಯ ಮಗಳೇ ಕಂಪ್ಯೂಟರಿನಲ್ಲಿ ತುಂಬಿದಳು.

ಸಾಲವನ್ನು ಮಾತ್ರ ಆಕೆ ಮೊದಲಿಗೆ ತೆಗೆದುಕೊಳ್ಳಲಿಲ್ಲ. ಮಿಕ್ಸರಿನಿಂದ ಇನ್ನು ಸಾಗದು ಎನ್ನುವಾಗ, 2023ರಲ್ಲಿ, ಪುಡಿ ಮಾಡುವ ಚಿಕ್ಕ ಯಂತ್ರಕ್ಕೆಂದು ಬ್ಯಾಂಕಿಗೆ ಹೋದೆವು. 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಅಡವಿಲ್ಲದೆ ಸಾಲ ಸಿಗುತ್ತದೆ. ಮೇಜಿನ ಆಚೆ ಕೂತಿದ್ದವರು ಮುಖ ಎತ್ತದೆ, "ನಿಮ್ಮ ಯಜಮಾನರ ಸಂಬಳದ ಚೀಟಿ ತಂದಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದರು. ಯಜಮಾನರಿಗೆ ಸಂಬಳವಿಲ್ಲದ್ದರಿಂದಲೇ ತಾನೇ ಈ ಉದ್ಯೋಗ! ಗೆಳತಿ ಮಾತಾಡಲಿಲ್ಲ. ಚೀಲದಿಂದ ನೋಟ್‌ಬುಕ್ಕುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಎರಡು ವರ್ಷದ ಜಮಾ ಖರ್ಚು, ಒಂದು ದಿನವೂ ತಪ್ಪಿಲ್ಲ. ಜೊತೆಗೆ ಮೊಬೈಲಿನ ಮೂಲಕ ಬಂದ ಹಣವೆಲ್ಲ ಆಕೆಯ ಪಾಸ್‌ಬುಕ್ಕಿನಲ್ಲಿ ಸಾಲಾಗಿ ನಿಂತಿತ್ತು. ಅವರು ಪುಟ ತಿರುವಿದರು, ಇನ್ನೊಂದು ತಿರುವಿದರು, ಆಮೇಲೆ ಮುಖ ಎತ್ತಿ, "ಇದನ್ನು ಬರೆದದ್ದು ಯಾರು?" ಎಂದರು. "ಲೆಕ್ಕ ಇವರದು, ದುಡ್ಡು ನಂದು" ಎಂದಳು ನಮ್ಮ ಗೆಳತಿ, ತನ್ನ ಹರಕು ಹಿಂದಿಯಲ್ಲಿ. ಮೂರು ವಾರದಲ್ಲಿ 40,000 ಮಂಜೂರಾಯಿತು.

ಮನೆಯವರ ಮಾತು ಹೇಳದಿದ್ದರೆ ಕಥೆ ಅರ್ಧವಾದೀತು. "ನಮ್ಮ ಮನಿತನದಾಗ ತಿನ್ನೋದನ್ನ ಮಾರಿದವ್ರು ಯಾರೂ ಇಲ್ಲ" ಎಂದು ಆಕೆಯ ಅತ್ತೆ ಒಂದು ವರ್ಷ ಮುಖ ತಿರುಗಿಸಿದ್ದರು. ಅವರ ದುಃಖವನ್ನು ನಾನು ಹಗುರವಾಗಿ ಕಾಣಲಾರೆ. ಅನ್ನ ಇಕ್ಕುವುದೇ ಧರ್ಮವೆಂದು ನಂಬಿದ ತಲೆಮಾರು ಅದು. ಆದರೆ ಮುಂಬಯಿಗೆ ಬಂದ ನಮ್ಮ ಕರಾವಳಿಯ ಹುಡುಗರು ತಿನಿಸು ಮಾರಿಯೇ ಅಲ್ಲವೇ ಊರಿನ ಮನೆಗಳಲ್ಲಿ ದೀಪ ಹಚ್ಚಿದ್ದು? ಮಾಟುಂಗಾದಲ್ಲಿ ಎ. ರಾಮನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮುಂದೆ ಕೂತ ಯಾರಿಗೂ ಅಲ್ಲಿ ಅನ್ನ ಮಾರಾಟವಾಗುತ್ತಿದೆ ಎನಿಸಿರಲಾರದು, ತಮಗೆ ಬಡಿಸುತ್ತಿದ್ದಾರೆ ಎನಿಸಿರಬೇಕು. ಪ್ರಾಮಾಣಿಕವಾಗಿ ಮಾಡಿ, ಸರಿಯಾದ ಬೆಲೆಗೆ ಕೊಟ್ಟದ್ದರಲ್ಲಿ ಧರ್ಮಕ್ಕೆ ಕೊರತೆ ಎಲ್ಲಿಯದು? ಅತ್ತೆಯವರಿಗೆ ನಾವು ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ಗಣೇಶ ಚೌತಿಯ ಮುಂಚೆ ಕೆಲಸ ರಾಶಿ ಬಿದ್ದಿದ್ದಾಗ ಅವರೇ ಬಂದು ಬೆಳ್ಳುಳ್ಳಿ ಸುಲಿಯಲು ಕೂತರು. ಈಗ ಪ್ರತಿ ಸಲವೂ ಮೊದಲ ಚಿಟಿಕೆ ಅವರ ನಾಲಿಗೆಗೆ. ಗಂಡ ಬೇರೆ ಕಡೆ ಕಡಿಮೆ ಸಂಬಳದ ಕೆಲಸ ಹಿಡಿದಿದ್ದಾರೆ. ಸಂಜೆ ಸ್ಕೂಟರಿನಲ್ಲಿ ಪಾಕೀಟು ಮುಟ್ಟಿಸುವುದೂ ಅವರೇ.

2024ರ ದೀಪಾವಳಿಗೆ ಒಂದು ಕಚೇರಿಯವರು ಹನ್ನೆರಡು ದಿನದಲ್ಲಿ 500 ಪಾಕೀಟು ಬೇಕೆಂದರು. ಯಂತ್ರ ಬಂದ ಮೇಲೆ ಐದು ತಾಸಿನ ಕೆಲಸ ಮೂರಕ್ಕೆ ಇಳಿದಿತ್ತು, ಆದರೂ 500ಕ್ಕೆ ದಿನಕ್ಕೆ ಹನ್ನೊಂದು ತಾಸಿನ ಮೇಲೆ ಬೀಳುತ್ತಿತ್ತು. ನನ್ನ ನೆರವಿಲ್ಲದೆ ಆಕೆಯೇ ಲೆಕ್ಕ ಹಾಕಿ, "150 ಕೊಡ್ತೀನಿ, ಛಂದಾಗಿ ಕೊಡ್ತೀನಿ. ಹೆಚ್ಚಿಗಿ ಆಗೂದಿಲ್ರಿ" ಎಂದಳು. ಅವರು ಒಪ್ಪಿದರು. ತನ್ನ ಐದು ತಾಸಿಗೆ ಬೆಲೆಯೇ ಇಲ್ಲವೆಂದಿದ್ದ ಹೆಂಗಸು ಈಗ ತನ್ನ ಒಂದೊಂದು ತಾಸನ್ನೂ ಎಣಿಸಿ ಮಾತಾಡುತ್ತಿದ್ದಳು. ವ್ಯಾಪಾರ ಚಿಕ್ಕದಾಗಿಯೇ ಇದೆ, ಕಟ್ಟಡ ಎದ್ದಿಲ್ಲ, ಕಾರು ಬಂದಿಲ್ಲ. ಸಾಲದ ಕಂತು ತಪ್ಪಿಲ್ಲ, ಮಗಳು ಕಾಲೇಜಿನಲ್ಲಿದ್ದಾಳೆ. ಯೋಚನೆ ನಿಜವಾಯಿತು ಎನ್ನಲು ಇನ್ನೇನು ಬೇಕು?

ಓದುಗರೇ, ನಿಮ್ಮ ಮನಸ್ಸಿನಲ್ಲೂ ಇಂಥದೊಂದು ಯೋಚನೆ ಇದ್ದರೆ ಈ ತಿಂಗಳೇ ಹತ್ತು ಪಾಕೀಟಿನಷ್ಟು ಮಾಡಿ, ಗುರುತಿಲ್ಲದ ಹತ್ತು ಜನರಿಗೆ ಮಾರಿ ನೋಡಿ. ಲೆಕ್ಕ ಬರೆಯುವಾಗ ನಿಮ್ಮ ಕೂಲಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಮಾಡುವ ಮನಸ್ಸಿಲ್ಲದವರು ಕೊಳ್ಳುವವರಾದರೂ ಆಗಬಹುದು. ಪರಿಚಯದವಳೆಂದು ಪುಕ್ಕಟೆ ಕೇಳಬೇಡಿ, ಚೌಕಾಸಿ ಮಾಡಬೇಡಿ, ಉದ್ರಿ ಹೇಳಬೇಡಿ. ಉಪ್ಪು ಹೆಚ್ಚಾಗಿದ್ದರೆ ಹಿಂದಿನಿಂದ ಆಡಿಕೊಳ್ಳದೆ ಎದುರಿಗೇ ಹೇಳಿ. ಚೆನ್ನಾಗಿದ್ದರೆ ಹೊಗಳಿ ಸುಮ್ಮನಾಗದೆ ಮುಂದಿನ ತಿಂಗಳು ಇನ್ನೊಂದು ಪಾಕೀಟು ಕೊಳ್ಳಿ.